ಗುಡ್ಡವಿಲ್ಲದ ಕಡೆ ಮೌಂಟನ್ ಬೈಕ್: ಟುಲೂಸ್‌ನಿಂದ ಕಾಮಾರ್ಗ್‌ವರೆಗೆ ಕಾಲುವೆ ದಂಡೆಯ ಮೇಲೆ

ಇವತ್ತು ದಕ್ಷಿಣ ಫ್ರಾನ್ಸಿಗೆ ಹೋಗೋಣ. ಟುಲೂಸ್ ಅನ್ನೋ ಊರಿಂದ ಹೊರಟು, ಕನಾಲ್ ದು ಮಿದಿ ಅನ್ನೋ ಹಳೇ ಕಾಲುವೆಯ ದಂಡೆ ಹಿಡಿದು, ಮೆಡಿಟರೇನಿಯನ್ ಸಮುದ್ರ ಮುಟ್ಟಿ, ಅಲ್ಲಿಂದ ಕಾಮಾರ್ಗ್ ಜವುಗು ಪ್ರದೇಶದವರೆಗೆ. ಒಟ್ಟು ಸುಮಾರು 350 ಕಿಲೋಮೀಟರ್. ಒಂದು ಪ್ರಾಜೆಕ್ಟ್ ಮೇಲೆ ಟುಲೂಸ್‌ನಲ್ಲಿ ಕೆಲವು ತಿಂಗಳು ಇದ್ದಾಗ, ಉಳಿಸಿಕೊಂಡಿದ್ದ ರಜೆಯನ್ನೆಲ್ಲ ಒಟ್ಟು ಮಾಡಿ ಈ ದಾರಿ ತುಳಿದೆ. ಪುಣೆಯ ಸ್ನೇಹಿತರಿಗೆ ಹೇಳಿದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಗುಡ್ಡವೇ ಇಲ್ಲದ ಕಡೆ ಮೌಂಟನ್ ಬೈಕ್ ಯಾಕೋ ಮಾರಾಯ?

ಉತ್ತರ ಸುಲಭ ಇದೆ. ಟುಲೂಸ್‌ನಿಂದ ಮೊದಲ 50 ಕಿಲೋಮೀಟರ್ ಚೆಂದದ ಡಾಂಬರು ದಾರಿ. ಅಷ್ಟಕ್ಕೆ ಆ ಜಿಲ್ಲೆಯ ಗಡಿ ಮುಗಿಯುತ್ತೆ, ಡಾಂಬರೂ ಹೆಚ್ಚು ಕಡಿಮೆ ಅಲ್ಲಿಗೇ ಮುಗಿಯುತ್ತೆ. ಆಮೇಲೆ ಮಣ್ಣು, ಜಲ್ಲಿ, ಹುಲ್ಲು, ಕೆಲವು ಕಡೆ ಒಂದು ಸೈಕಲ್ ಮಾತ್ರ ಹಿಡಿಸುವ ಕಾಲುದಾರಿ. ಎಡಕ್ಕೆ ಕಾಲುವೆ, ಬಲಕ್ಕೆ ದ್ರಾಕ್ಷಿ ತೋಟದ ಇಳಿಜಾರು, ಮಧ್ಯೆ ಮರದ ಬೇರುಗಳು ದಾರಿಗೆ ಅಡ್ಡಡ್ಡ ಎದ್ದು ನಿಂತಿರುತ್ತವೆ. ತೆಳ್ಳನೆ ಟೈರಿನ ರೋಡ್ ಬೈಕಲ್ಲಿ ಹೋದರೆ ಸಂಜೆ ಹೊತ್ತಿಗೆ ಮಣಿಕಟ್ಟು ಮಾತಾಡೋಕೆ ಶುರು ಮಾಡುತ್ತೆ. ಕೊನೆಯ ಭಾಗದಲ್ಲಂತೂ ಮರಳು. ಅಗಲ ಟೈರು, ಕಡಿಮೆ ಗಾಳಿ, ಮುಂದೆ ಸಸ್ಪೆನ್ಷನ್ ಇದ್ದರೆ ಅದೇ ದಾರಿ ಸುಖ.

ಆದರೆ ನಾನು ಇವತ್ತು ಮಾತಾಡಬೇಕು ಅಂದುಕೊಂಡಿರೋದು ಸೈಕಲ್ ಬಗ್ಗೆ ಸ್ವಲ್ಪ, ನೀರಿನ ಬಗ್ಗೆ ಜಾಸ್ತಿ. ಯಾಕಂದ್ರೆ ಆ ದಾರಿಯಲ್ಲಿ ಪೆಡಲ್ ತುಳಿಯುತ್ತಾ ಹೋದ ಹಾಗೆ ಕಣ್ಣಿಗೆ ಬೀಳೋದೆಲ್ಲ ನೀರನ್ನ ಯಾರು, ಎಲ್ಲಿ, ಹೇಗೆ ತಡೆದು ನಿಲ್ಲಿಸಿದರು ಅನ್ನೋದರ ಕಥೆಯೇ.

ಕಾಲುವೆ ಅಂದರೆ ನಮ್ಮ ತಲೆಗೆ ಬರೋದು ನೀರಾವರಿ ನಾಲೆ. ಮೇಲೆ ಅಣೆಕಟ್ಟು, ಅಲ್ಲಿಂದ ನೀರು ಇಳಿಜಾರು ಹಿಡಿದು ಗದ್ದೆಗೆ ಬರುತ್ತೆ. ಕನಾಲ್ ದು ಮಿದಿ ಹಾಗಲ್ಲ. ಇದು ದೋಣಿ ಕಾಲುವೆ. ಅಟ್ಲಾಂಟಿಕ್ ಕಡೆ ಹರಿಯುವ ಗರೋನ್ ನದಿಯನ್ನೂ ಮೆಡಿಟರೇನಿಯನ್ ಸಮುದ್ರವನ್ನೂ ಜೋಡಿಸಬೇಕು, ಸರಕು ದೋಣಿಗಳು ಸ್ಪೇನ್ ಸುತ್ತಿ ಜಿಬ್ರಾಲ್ಟರ್ ದಾಟೋದು ತಪ್ಪಬೇಕು ಅನ್ನೋದು ಉದ್ದೇಶ. ಆದರೆ ಮಧ್ಯೆ ಒಂದು ದಿಬ್ಬ ಇದೆ. ಟುಲೂಸ್‌ನಲ್ಲಿ ಕಾಲುವೆಯ ಮಟ್ಟ ಸಮುದ್ರಕ್ಕಿಂತ 132 ಮೀಟರ್ ಮೇಲೆ. ನೊರೂಜ್ ಅನ್ನೋ ಜಾಗದಲ್ಲಿ 189 ಮೀಟರ್. ಅಲ್ಲಿಂದ ಆಚೆ ಸಮುದ್ರದವರೆಗೂ ಇಳಿತ. ಸೈಕಲ್ಲಿಗೆ ಈ ಏರು ಲೆಕ್ಕಕ್ಕೇ ಇಲ್ಲ, 50 ಕಿಲೋಮೀಟರಿಗೆ 57 ಮೀಟರ್. ದೋಣಿಗೆ ಮಾತ್ರ ಅದೇ ದೊಡ್ಡ ಸಮಸ್ಯೆ.

ದೋಣಿ ಮೆಟ್ಟಿಲು ಹತ್ತೋಕೆ ಲಾಕ್ ಕಟ್ಟುತ್ತಾರೆ. ಎರಡು ಬಾಗಿಲಿನ ಒಂದು ಕಲ್ಲಿನ ತೊಟ್ಟಿ ಅಂದುಕೊಳ್ಳಿ. ದೋಣಿ ಒಳಗೆ ಬರುತ್ತೆ, ಹಿಂದಿನ ಬಾಗಿಲು ಮುಚ್ಚುತ್ತೆ, ಮೇಲಿಂದ ನೀರು ಬಿಡ್ತಾರೆ, ದೋಣಿ ತೇಲಿ ಮೇಲೇರುತ್ತೆ, ಮುಂದಿನ ಬಾಗಿಲು ತೆರೆಯುತ್ತೆ. ಗಮನಿಸಿ ನೋಡಿ, ದೋಣಿ ಹತ್ತಲಿ ಇಳಿಯಲಿ, ಪ್ರತಿ ಸಲವೂ ಒಂದು ತೊಟ್ಟಿ ನೀರು ಮೇಲಿಂದ ಕೆಳಕ್ಕೆ ಹೋಗುತ್ತೆ. ನೂರಾರು ಘನ ಮೀಟರ್. ತುತ್ತತುದಿಯಲ್ಲಿರುವ ನೊರೂಜ್ ಎರಡೂ ಕಡೆಗೆ ನೀರು ಕಳಕೊಳ್ತಾನೇ ಇರುತ್ತೆ. ಅಲ್ಲಿ ನೀರು ಖಾಲಿಯಾದರೆ ಇಡೀ ಕಾಲುವೆ ಒಣ ಹಳ್ಳ. ಈ ಕಾಲುವೆಯ ಆಲೋಚನೆ ಹಳೆಯದು, ಬಹಳ ಜನ ಯೋಚಿಸಿದ್ದರು. ಎಲ್ಲರೂ ಬಂದು ನಿಂತಿದ್ದು ಇಲ್ಲೇ: ದಿಬ್ಬದ ನೆತ್ತಿಗೆ ನೀರು ಎಲ್ಲಿಂದ ತರೋದು?

ಅದಕ್ಕೆ ಉತ್ತರ ಕೊಟ್ಟವನು ಪಿಯೆರ್-ಪೋಲ್ ರಿಕೆ. ಎಂಜಿನಿಯರ್ ಅಲ್ಲ. ಬೆಜಿಯೆ ಊರಿನವನು, ರಾಜನ ಪರವಾಗಿ ಉಪ್ಪಿನ ತೆರಿಗೆ ವಸೂಲಿ ಮಾಡುವ ಗುತ್ತಿಗೆದಾರ. ಐವತ್ತು ದಾಟಿದ ಮೇಲೆ ಈ ಹುಚ್ಚು ಹಿಡಿಯಿತು. ಉತ್ತರಕ್ಕೆ ಮೊಂತಾನ್ ನ್ವಾರ್ ಅನ್ನೋ ಬೆಟ್ಟ ಸಾಲಿದೆ, ಕರಿಬೆಟ್ಟ ಅಂತ ಅರ್ಥ, ಅಲ್ಲಿ ಮಳೆ ಚೆನ್ನಾಗಿ ಬೀಳುತ್ತೆ. ಅಲ್ಲಿನ ಹಳ್ಳಗಳನ್ನ ಒಂದೊಂದಾಗಿ ಅಡ್ಡಗಟ್ಟಿ, ಬೆಟ್ಟದ ಮಟ್ಟರೇಖೆ ಹಿಡಿದು ಸಣ್ಣ ಕಾಲುವೆಗಳಲ್ಲಿ ತಂದು ನೊರೂಜ್ ನೆತ್ತಿಗೆ ಸುರಿಯೋದು ಅವನ ಯೋಜನೆ. ಬೇಸಿಗೆಗೆ ಬೇಕಲ್ಲ, ಅದಕ್ಕೆ ಸಾಂ ಫೆರಿಯೋಲ್‌ನಲ್ಲಿ ಅಣೆಕಟ್ಟು. 60 ಲಕ್ಷ ಘನ ಮೀಟರಿಗಿಂತ ಹೆಚ್ಚು ನೀರು ಹಿಡಿಯುವ ಕೆರೆ, 17ನೆಯ ಶತಮಾನದಲ್ಲಿ! 1666ರಲ್ಲಿ ಹದಿನಾಲ್ಕನೆಯ ಲೂಯಿ ರಾಜನ ಆಜ್ಞೆ ಹೊರಟಿತು, 1681ರಲ್ಲಿ ಕಾಲುವೆ ತೆರೆಯಿತು. 240 ಕಿಲೋಮೀಟರ್. ಒಂದು ಹಂತದಲ್ಲಿ ಹನ್ನೆರಡು ಸಾವಿರದಷ್ಟು ಜನ ಕೆಲಸಕ್ಕಿದ್ದರು, ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿದ್ದರು. ನಮ್ಮಂಥವರಿಗೆ ಇಷ್ಟವಾಗುವ ಒಂದು ವಿಷಯ: ಜನ ಕೆಲಸ ಬಿಟ್ಟು ಹೋಗಬಾರದು ಅಂತ ಭಾನುವಾರಕ್ಕೂ, ಮಳೆ ಬಂದ ದಿನಕ್ಕೂ, ಹುಷಾರಿಲ್ಲದ ದಿನಕ್ಕೂ ಕೂಲಿ ಕೊಡ್ತಿದ್ದ. ತನ್ನ ದುಡ್ಡು, ಸಾಲದ ದುಡ್ಡು ಎಲ್ಲ ಸುರಿದ. ಕಾಲುವೆ ತೆರೆಯೋಕೆ ಕೆಲವೇ ತಿಂಗಳ ಮುಂಚೆ, 1680ರ ಅಕ್ಟೋಬರ್‌ನಲ್ಲಿ ತೀರಿಕೊಂಡ. ಆ ಸಾಲ ತೀರಿಸೋಕೆ ಮಕ್ಕಳು ಮೊಮ್ಮಕ್ಕಳಿಗೆ ದಶಕಗಳೇ ಹಿಡಿದವು.

ನೊರೂಜ್‌ಗೆ ಹೋದವರು ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಮುಖ್ಯ ಕಾಲುವೆ ಬಿಟ್ಟು, ನೀರು ತರುವ ಆ ಸಣ್ಣ ಕಾಲುವೆಯ ಪಕ್ಕದ ದಾರಿ ಹಿಡಿದರೆ ಸುಮಾರು 40 ಕಿಲೋಮೀಟರಿಗೆ ಸಾಂ ಫೆರಿಯೋಲ್ ಕೆರೆ. ಅಲ್ಲಿಂದ ಮೇಲೆ ಕಾಡು. ಒಂದಾಳು ಹಾರಿ ದಾಟಬಹುದಾದಷ್ಟು ಅಗಲದ ಕಾಲುವೆ, ಪಕ್ಕದಲ್ಲಿ ಎಲೆ ಉದುರಿದ ಮಣ್ಣಿನ ದಾರಿ, ಬೆಟ್ಟದ ಮೈಯನ್ನ ತಬ್ಬಿಕೊಂಡು ಸುತ್ತುತ್ತೆ. ಇಡೀ ಪ್ರಯಾಣದಲ್ಲಿ ನಿಜವಾದ ಮೌಂಟನ್ ಬೈಕಿಂಗ್ ಅಂದರೆ ಇದೇ. ನನ್ನನ್ನ ಕೇಳಿದರೆ ಮುಖ್ಯ ಕಾಲುವೆಗಿಂತ ಈ ಭಾಗವೇ ಒಂದು ತೂಕ ಹೆಚ್ಚು. ಪ್ರವಾಸಿಗಳು ಇತ್ತ ಬರೋದೇ ಕಡಿಮೆ.

ಇಳಿತ ಶುರುವಾದ ಮೇಲೆ ಲಾಕ್‌ಗಳ ಆಕಾರ ನೋಡಿ. ನೇರ ಗೋಡೆ ಇಲ್ಲ, ಮೊಟ್ಟೆಯ ಹಾಗೆ ಹೊರಗೆ ಉಬ್ಬಿದ ಗೋಡೆ. ಕಟ್ಟುವ ಶುರುವಿನಲ್ಲಿ ಒಂದು ಲಾಕ್‌ನ ನೇರ ಗೋಡೆ ಹಿಂದಿನ ಮಣ್ಣಿನ ಒತ್ತಡಕ್ಕೆ ಕುಸಿದಿತ್ತು. ಅದಾದ ಮೇಲೆ ಈ ಆಕಾರ ಬಂತು. ಕಮಾನನ್ನ ಮಲಗಿಸಿದ ಹಾಗೆ ಇದು. ಮಣ್ಣು ಹಿಂದಿನಿಂದ ಒತ್ತಿದಷ್ಟೂ ಕಲ್ಲುಗಳು ಒಂದಕ್ಕೊಂದು ಬಿಗಿಯಾಗುತ್ತವೆ.

ಕಾರ್ಕಸೋನ್ ಕೋಟೆ ದಾಟಿ ಮುಂದೆ ಹೋದರೆ ಒಂದು ಕಡೆ ಲಾಕ್‌ಗಳೇ ನಿಂತುಹೋಗುತ್ತವೆ. ಬೆಜಿಯೆ ಮುಟ್ಟುವವರೆಗೆ ಸುಮಾರು 54 ಕಿಲೋಮೀಟರ್ ಒಂದೇ ಮಟ್ಟದ ನೀರು. ಮಟ್ಟ ಬಿಡಬಾರದು ಅಂತ ಕಾಲುವೆ ಹಾವಿನ ಹಾಗೆ ಗುಡ್ಡದ ಬುಡ ಸುತ್ತುತ್ತೆ. ಎದುರಿಗೆ ಕಾಣುವ ಊರಿಗೆ ಮುಟ್ಟೋಕೆ ಅರ್ಧ ಗಂಟೆ ಸುತ್ತಬೇಕು. ಮಳೆಗಾಲದಲ್ಲಿ ಹೆಚ್ಚಾದ ನೀರು ಹೊರಗೆ ಹೋಗೋಕೆ ದಂಡೆಯಲ್ಲಿ ಅಲ್ಲಲ್ಲಿ ಕಲ್ಲಿನ ಕೋಡಿಗಳಿವೆ. ನಮ್ಮ ಕೆರೆ ಕೋಡಿ ಬೀಳೋದು ನೋಡಿದವರಿಗೆ ಯಾವ ಬೋರ್ಡೂ ಓದದೆ ಅರ್ಥವಾಗುತ್ತೆ.

ಈ ಸುತ್ತುವ ಕಾಲುವೆಗೆ ಆಂಸೆರೂನ್ ಗುಡ್ಡ ಅಡ್ಡ ಬಂತು. ಇಲ್ಲಿ ಸುತ್ತಲಿಲ್ಲ, ಕೊರೆದರು. ಮಾಲ್ಪಾಸ್ ಸುರಂಗ ಸುಮಾರು 165 ಮೀಟರ್. ದೋಣಿ ಹೋಗೋಕೆ ಅಂತ ಯೂರೋಪಿನಲ್ಲಿ ಕೊರೆದ ಮೊದಲ ಕಾಲುವೆ ಸುರಂಗ. ಸೈಕಲ್ಲನ್ನ ಒರಗಿಸಿ ಗುಡ್ಡದ ಮೇಲೆ ಹತ್ತಿ, ಉತ್ತರಕ್ಕೆ ನೋಡಿ. ನಾನು ಆ ಪ್ರಯಾಣದಲ್ಲಿ ಅತಿ ಹೆಚ್ಚು ಹೊತ್ತು ನಿಂತಿದ್ದು ಅಲ್ಲೇ. ಕೆಳಗೆ ಒಂದು ದೊಡ್ಡ ದುಂಡು ಬಯಲು, ಅದರ ಹೊಲಗಳು ಕತ್ತರಿಸಿದ ಪಿಜ್ಜಾ ತುಂಡುಗಳ ಹಾಗೆ ನಡುವಿನ ಒಂದು ಬಿಂದುವಿಗೆ ಬಂದು ಸೇರುತ್ತವೆ. ಅದು ಮೊಂತಾದಿ ಕೆರೆ. ಅಂದರೆ, ಕೆರೆಯಾಗಿತ್ತು. 13ನೆಯ ಶತಮಾನದಲ್ಲಿ ಒಣಗಿಸಿದರು. ಸುತ್ತಲಿನಿಂದ ಚರಂಡಿಗಳು ನಡುವಿಗೆ ಬರುತ್ತವೆ, ನಡುವಿನಿಂದ ನೀರು ಒಂದು ಕಾಲುವೆ ಹಿಡಿದು ಗುಡ್ಡದ ಅಡಿಯ ಸುರಂಗದಲ್ಲಿ ಆಚೆ ಕಡೆಗೆ ಹೋಗುತ್ತೆ. ಈಗ ನೋಡಿ ಮಜಾ: ಅದೇ ಗುಡ್ಡದ ಒಳಗೆ ಮಧ್ಯಯುಗದ ಚರಂಡಿ ಸುರಂಗ, ರಿಕೆಯ ದೋಣಿ ಸುರಂಗ, 19ನೆಯ ಶತಮಾನದ ರೈಲು ಸುರಂಗ, ಮೂರೂ ಬೇರೆ ಬೇರೆ ಮಟ್ಟದಲ್ಲಿ ಒಂದನ್ನೊಂದು ದಾಟುತ್ತವೆ. ಚರಂಡಿ ಇವತ್ತಿಗೂ ಕೆಲಸ ಮಾಡುತ್ತಿದೆ. ನಮ್ಮ ಕ್ಷೇತ್ರದಲ್ಲಿ ಹತ್ತು ವರ್ಷದ ಕೋಡ್ ಮುಟ್ಟೋಕೆ ಜನ ಹೆದರುತ್ತಾರೆ, ಇದು ಏಳುನೂರು ವರ್ಷದ್ದು.

ಸ್ವಲ್ಪ ಮುಂದೆ ಬೆಜಿಯೆಯಲ್ಲಿ ಫೊನ್ಸೆರಾನ್ ಲಾಕ್ ಮೆಟ್ಟಿಲು. ತೊಟ್ಟಿಗೆ ತೊಟ್ಟಿ ಅಂಟಿಸಿದ ಸಾಲು, 300 ಮೀಟರ್ ಉದ್ದದಲ್ಲಿ ಇಪ್ಪತ್ತೊಂದು ಮೀಟರ್ ಇಳಿತ. ಪ್ರವಾಸಿಗಳ ಜಾತ್ರೆ. ಸೈಕಲ್ ಇಳಿದು ತಳ್ಳಿಕೊಂಡು ಹೋಗಿ.

ಈಗ ಮರದ ವಿಷಯಕ್ಕೆ ಬರ್ತೀನಿ, ಇದು ಸ್ವಲ್ಪ ಬೇಜಾರಿನ ಭಾಗ. ಈ ಕಾಲುವೆಯ ಯಾವ ಫೋಟೋ ನೋಡಿದರೂ ಎರಡೂ ದಂಡೆಯಲ್ಲಿ ಎತ್ತರದ ಪ್ಲೇನ್ ಮರಗಳು ತಲೆ ಕೂಡಿಸಿ ಚಪ್ಪರ ಹಾಕಿರುತ್ತವೆ. ಹೆಚ್ಚಿನವು 19ನೆಯ ಶತಮಾನದಲ್ಲಿ ನೆಟ್ಟವು, ಒಟ್ಟು 42,000. ಬರೀ ಅಂದಕ್ಕಲ್ಲ. ಬೇರು ಮಣ್ಣಿನ ದಂಡೆಯನ್ನ ಹಿಡಿದಿಡುತ್ತೆ, ನೆರಳು ಬೇಸಿಗೆಯಲ್ಲಿ ನೀರು ಆವಿಯಾಗೋದನ್ನ ಕಡಿಮೆ ಮಾಡುತ್ತೆ. 2006ರಲ್ಲಿ ಕಾರ್ಕಸೋನ್ ಹತ್ತಿರ ಒಂದು ಶಿಲೀಂಧ್ರ ರೋಗ ಕಾಣಿಸಿಕೊಂಡಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಫ್ರಾನ್ಸಿಗೆ ಬಂತು ಅನ್ನೋದು ಸಾಮಾನ್ಯವಾಗಿ ಹೇಳುವ ಕಾರಣ. ಮರದೊಳಗೆ ನೀರು ಹರಿಯುವ ದಾರಿಯನ್ನೇ ಇದು ಕಟ್ಟಿಹಾಕುತ್ತೆ. ದೊಡ್ಡ ಮರ ಕೂಡ ಕೆಲವೇ ವರ್ಷದಲ್ಲಿ ಸಾಯುತ್ತೆ. ಔಷಧ ಇಲ್ಲ. ರೋಗ ಬಂದ ಮರವನ್ನೂ ಅಕ್ಕಪಕ್ಕದ್ದನ್ನೂ ಕಡಿದು ಸುಡೋದೊಂದೇ ದಾರಿ. ಅರ್ಧಕ್ಕಿಂತ ಹೆಚ್ಚು ಮರಗಳು ಈಗಾಗಲೇ ಹೋಗಿವೆ.

ಒಂದೇ ಜಾತಿಯ ಮರ, ಒಂದೇ ಸಾಲಿನಲ್ಲಿ, ಹತ್ತಿರ ಹತ್ತಿರ. ನೆಲದಡಿ ಪಕ್ಕದ ಮರದ ಬೇರಿಗೆ ಬೇರು ಬೆಸೆದಿರುತ್ತೆ, ರೋಗಕ್ಕೆ ಅದೇ ಹೆದ್ದಾರಿ. ಮೇಲಿಂದ ಕಾಲುವೆ ನೀರು ಕೂಡ ಹರಡುತ್ತೆ, ದೋಣಿ ಬಡಿದು ಬೇರು ಗಾಯವಾದರೆ ಬಾಗಿಲು ತೆರೆದ ಹಾಗೆ. ಎಲ್ಲ ಸರ್ವರಿನಲ್ಲೂ ಒಂದೇ ಲೈಬ್ರರಿಯ ಒಂದೇ ವರ್ಷನ್ ಓಡ್ತಿದ್ದು, ಅದರಲ್ಲೊಂದು ತೂತು ಸಿಕ್ಕರೆ ಏನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಹೊಸದಾಗಿ ನೆಡುವಾಗ ಒಂದೇ ಜಾತಿಯ ಹಟ ಬಿಟ್ಟಿದ್ದಾರೆ. ಓಕ್ ಜಾತಿಯ ಮರ ಮುಖ್ಯ, ನಡುನಡುವೆ ಬೇರೆ ಜಾತಿಗಳು, ಜೊತೆಗೆ ರೋಗ ತಡೆಯುವ ಪ್ಲೇನ್ ತಳಿ. ಸವಾರನಿಗೆ ಇದರ ಅರ್ಥ ಏನಂದ್ರೆ, ಬೇಸಿಗೆಯಲ್ಲಿ ಹೋದರೆ ಮೈಲಿಗಟ್ಟಲೆ ನೆರಳಿಲ್ಲ. ಹಳೇ ಬ್ಲಾಗಿನ ಫೋಟೋ ನಂಬಿ ಒಂದೇ ಬಾಟಲಿ ನೀರಲ್ಲಿ ಹೊರಡಬೇಡಿ.

ಕಾಲುವೆ ಮುಗಿಯೋದು ತೋ ಅನ್ನೋ ಹಿನ್ನೀರಿನಲ್ಲಿ. ಸಮುದ್ರಕ್ಕೂ ಅದಕ್ಕೂ ನಡುವೆ ತೆಳ್ಳನೆ ಮರಳ ಪಟ್ಟಿ ಮಾತ್ರ. ಇಲ್ಲಿ ಸಿಂಪಿ ಸಾಕುತ್ತಾರೆ. ಮೆಡಿಟರೇನಿಯನ್‌ನಲ್ಲಿ ಭರತ ಇಳಿತ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಹಾಗಾಗಿ ಸಿಂಪಿಗಳನ್ನ ಹಗ್ಗಕ್ಕೆ ಅಂಟಿಸಿ ನೀರಲ್ಲಿ ತೂಗು ಹಾಕುತ್ತಾರೆ. ಸೆತ್ ಬಂದರಿಗೆ ಹೋಗೋಕೆ ಆ ಮರಳ ಪಟ್ಟಿಯ ಮೇಲೆ ಸೈಕಲ್ ದಾರಿ ಇದೆ. ಮೊದಲು ಕಾರಿನ ರಸ್ತೆ ಸಮುದ್ರದ ಅಂಚಿಗೇ ಇತ್ತು, ಕಡಲು ಕೊರೆದು ಕೊರೆದು ತಿನ್ನುತ್ತಿತ್ತು. ಕೊನೆಗೆ ರಸ್ತೆಯನ್ನೇ ಕಿತ್ತು ಒಳಗೆ ಸರಿಸಿದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸೆತ್‌ನಿಂದ ಪೂರ್ವಕ್ಕೆ ಇನ್ನೊಂದು ಕಾಲುವೆ, ರೋನ್ ನದಿಯ ಕಡೆ ಹೋಗುವುದು. ಹಿನ್ನೀರುಗಳ ನಡುವೆ ಗೆರೆ ಎಳೆದ ಹಾಗೆ ಹೋಗುತ್ತೆ. ಕೆರೆ ಏರಿ ಮೇಲೆ ಸೈಕಲ್ ಹೊಡೆದ ಹಾಗೆ, ಆದರೆ ಎರಡೂ ಕಡೆ ನೀರು. ಇಲ್ಲಿಂದಲೇ ಫ್ಲೆಮಿಂಗೋ ಶುರು. ಮುಂಬೈಯವರು ಥಾಣೆ ಖಾರಿಯಲ್ಲಿ, ಚೆನ್ನೈಯವರು ಪುಲಿಕಾಟ್‌ನಲ್ಲಿ ನೋಡುವ ದೊಡ್ಡ ಫ್ಲೆಮಿಂಗೋ ಇದೆಯಲ್ಲ, ಅದೇ ಜಾತಿ.

ಆಮೇಲೆ ಎಗ್-ಮೋರ್ತ್. ಸತ್ತ ನೀರು ಅಂತ ಹೆಸರಿನ ಅರ್ಥ, ಅಂದರೆ ನಿಂತ ನೀರು. ಒಂಬತ್ತನೆಯ ಲೂಯಿ 1248ರಲ್ಲಿ ಧರ್ಮಯುದ್ಧಕ್ಕೆ ಹಡಗು ಹತ್ತಿದ ಬಂದರು. ಈಗ ಊರಿನ ಕೋಟೆ ಇದೆ, ಸಮುದ್ರ ದೂರದಲ್ಲಿದೆ. ಸುತ್ತ ಉಪ್ಪಿನ ಆಗರ. ನಾನು ಕುಮಟೆ ಕಡೆಯವನು, ಸಾಣಿಕಟ್ಟೆಯ ಆಗರ ನೋಡಿ ಬೆಳೆದವನು. ಆದರೆ ಇಲ್ಲಿನ ನೀರು ಗುಲಾಬಿ ಬಣ್ಣ! ಉಪ್ಪು ಗಟ್ಟಿಯಾದ ನೀರಲ್ಲೂ ಬದುಕುವ ಒಂದು ಪಾಚಿಯ ಬಣ್ಣ ಅದು. ಪಾಚಿಯನ್ನ ಸಣ್ಣ ಸೀಗಡಿಯಂಥ ಜೀವಿ ತಿನ್ನುತ್ತೆ, ಅದನ್ನ ಫ್ಲೆಮಿಂಗೋ ತಿನ್ನುತ್ತೆ, ಹಕ್ಕಿಯ ಗರಿಗೆ ಬಣ್ಣ ಬರೋದು ಹಾಗೆ.

ಈ ಊರಿನಲ್ಲಿ ಇನ್ನೊಂದು ವಿಷಯ ನಡೆದಿದೆ, ಹೊರ ರಾಜ್ಯದಲ್ಲಿ ದುಡಿಯುವ ನಾವು ತಿಳಿದಿರಬೇಕು. ಉಪ್ಪು ತೆಗೆಯುವ ಸುಗ್ಗಿಗೆ ಇಟಲಿಯಿಂದ ಕೂಲಿಯವರು ಬರ್ತಿದ್ದರು. 1893ರ ಆಗಸ್ಟ್‌ನಲ್ಲಿ ನಮ್ಮ ಕೆಲಸ ಕಿತ್ತುಕೊಳ್ತಿದ್ದಾರೆ ಅಂತ ಗುಂಪು ಅವರ ಮೇಲೆ ಬಿತ್ತು. ಕನಿಷ್ಠ ಎಂಟು ಜನ ಸತ್ತರು. ವಿಚಾರಣೆ ನಡೆಯಿತು, ಆರೋಪಿಗಳೆಲ್ಲ ಬಿಡುಗಡೆಯಾದರು. ಉಪ್ಪಿನ ಗುಡ್ಡದ ಮುಂದೆ ಸೆಲ್ಫಿ ತೆಗೆಯುವವರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿರೋದಿಲ್ಲ.

ಕಾಮಾರ್ಗ್ ಅಂದರೆ ರೋನ್ ನದಿ ಎರಡಾಗಿ ಒಡೆದು ಸಮುದ್ರ ಸೇರುವ ಕಡೆ ನಡುವೆ ಉಳಿದ ಭೂಮಿ. ನೋಡೋಕೆ ಕಾಡುಭೂಮಿ, ಬಿಳಿ ಕುದುರೆ, ಕರಿ ಹೋರಿ. ಆದರೆ ಇಲ್ಲಿನ ನೀರೆಲ್ಲ ಲೆಕ್ಕಾಚಾರದ್ದು. 19ನೆಯ ಶತಮಾನದಲ್ಲಿ ನದಿಗೆ ಎರಡೂ ಕಡೆ ಒಡ್ಡು ಕಟ್ಟಿದರು, 1859ರ ಹೊತ್ತಿಗೆ ಸಮುದ್ರಕ್ಕೂ ಒಡ್ಡು. ಪ್ರವಾಹ ನಿಂತಿತು. ಪ್ರವಾಹದ ಜೊತೆ ಬರುವ ಸಿಹಿ ನೀರೂ, ಹೂಳೂ ನಿಂತವು. ಈ ಕಡೆ ಮಳೆಗಿಂತ ಆವಿಯಾಗೋದೇ ಹೆಚ್ಚು, ಹಾಗಾಗಿ ನೆಲದಡಿಯ ಉಪ್ಪು ಮೇಲೇಳುತ್ತೆ. ನಮ್ಮ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಮುಂಗಾರು ಮಳೆ ಬಂದು ಉಪ್ಪು ತೊಳೆಯುತ್ತೆ, ಆಮೇಲೆ ಕಗ್ಗ ಭತ್ತ ಬಿತ್ತುತ್ತಾರೆ. ಇವರಿಗೆ ಮುಂಗಾರು ಇಲ್ಲ. ರೋನ್ ನೀರನ್ನ ಪಂಪ್ ಮಾಡಿ ಭತ್ತದ ಗದ್ದೆಯಲ್ಲಿ ನಿಲ್ಲಿಸುತ್ತಾರೆ, ಉಪ್ಪನ್ನ ಕೆಳಗೆ ಒತ್ತೋದು ಆ ನೀರೇ. ಇಲ್ಲಿ ಭತ್ತ ಬೆಳೆಯ ಜೊತೆಗೆ ಔಷಧವೂ ಹೌದು. ಯುದ್ಧದ ಕಾಲದಲ್ಲಿ ಈ ಗದ್ದೆಗಳಲ್ಲಿ ದುಡಿದವರಲ್ಲಿ ಇಂಡೋಚೈನಾದಿಂದ, ಅಂದರೆ ಇವತ್ತಿನ ವಿಯೆಟ್ನಾಂನಿಂದ ತಂದ ಕಾರ್ಮಿಕರಿದ್ದರು. ಕಾರ್ಖಾನೆಗೆ ಅಂತ 1939-40ರಲ್ಲಿ ತಂದಿದ್ದ ಸುಮಾರು 20,000 ಜನರಲ್ಲಿ ಕೆಲವರನ್ನ ಇಲ್ಲಿ ಭತ್ತಕ್ಕೆ ಹಚ್ಚಿದರು.

ಹಕ್ಕಿಗಳಿಗೂ ಮನುಷ್ಯನ ಕೈ ಬೇಕಾಯಿತು. ಫ್ಲೆಮಿಂಗೋ ಗೂಡು ಕಟ್ಟೋದು ನಿಲ್ಲಿಸಿದಾಗ, 1970ರಲ್ಲಿ ಫಾಂಗಾಸಿಯೆ ಅನ್ನೋ ಕಡೆ ಒಂದು ಕೃತಕ ದ್ವೀಪ ಕಟ್ಟಿದರು. ಲುಕ್ ಹೋಫ್‌ಮನ್ 1954ರಲ್ಲಿ ಸ್ಥಾಪಿಸಿದ ತೂರ್ ದ್ಯು ವಾಲಾ ಸಂಶೋಧನಾ ಕೇಂದ್ರದವರ ಕೆಲಸ. ಹಕ್ಕಿಗಳು ನಾಲ್ಕು ವರ್ಷ ಅದರ ಕಡೆ ತಿರುಗಿಯೂ ನೋಡಲಿಲ್ಲ. 1974ರಲ್ಲಿ ಬಂದವು.

ಸಮುದ್ರದ ಆ ಒಡ್ಡಿನ ಮೇಲೆಯೇ ನಮ್ಮ ಸೈಕಲ್ ದಾರಿ. ಸಾಂತ್ ಮಾರಿ ಊರಿಂದ ಗಾಶೋಲ್ ದೀಪಸ್ತಂಭದ ಕಡೆಗೆ, ಕಾರಿಗೆ ಪ್ರವೇಶ ಇಲ್ಲ. ಒಂದು ಕಡೆ ವಕ್ಕಾರೆಸ್ ಸರೋವರ, ಇನ್ನೊಂದು ಕಡೆ ಕಡಲು. ಮೆತ್ತನೆ ಮರಳು ಬಂದಾಗ ಹಗುರ ಗೇರಿಗೆ ಇಳಿಸಿ, ಹಿಂದೆ ಭಾರ ಹಾಕಿ, ಹ್ಯಾಂಡಲ್ ಸಡಿಲ ಬಿಡಿ. ಬಿಗಿ ಹಿಡಿದರೆ ಬೀಳ್ತೀರಿ.

ಇನ್ನೂ ಪೂರ್ವಕ್ಕೆ ಹಳೇ ಉಪ್ಪಿನ ಆಗರಗಳಿದ್ದವು. ಸುಮಾರು 6,500 ಹೆಕ್ಟೇರನ್ನ ಕರಾವಳಿ ರಕ್ಷಣೆಯ ಸರ್ಕಾರಿ ಸಂಸ್ಥೆ ಕೊಂಡುಕೊಂಡಿತು. ಅಲ್ಲಿ ಸಮುದ್ರದ ಎದುರಿನ ಒಡ್ಡನ್ನ ರಿಪೇರಿ ಮಾಡೋದು ಬಿಟ್ಟಿದ್ದಾರೆ. ಬೇಕೆಂದೇ. ಕಡಲು ಏರ್ತಿದೆ, ಹೂಳು ಬರ್ತಿಲ್ಲ, ಎಷ್ಟು ಕಲ್ಲು ಸುರಿದರೂ ಆ ಗೆರೆ ನಿಲ್ಲೋದಿಲ್ಲ ಅನ್ನೋದು ಅವರ ವಾದ. ಅಲೆ ಒಳಗೆ ಬಂದು ಜವುಗಿನಲ್ಲಿ ಸುಸ್ತಾಗಲಿ, ಕಾಪಾಡೋದಾದರೆ ಒಳಗಿನ ಒಡ್ಡನ್ನ ಕಾಪಾಡೋಣ ಅಂತಾರೆ. ಅದೇ ಊರಿನಲ್ಲಿ ಹುಟ್ಟಿ ಅದೇ ಆಗರದಲ್ಲಿ ದುಡಿದವರಿಗೆ ಇದು ನೆಲ ಬಿಟ್ಟುಕೊಟ್ಟ ಹಾಗೆ. ತಾತ ಕಟ್ಟಿದ ಒಡ್ಡು ಕಣ್ಣೆದುರೇ ಒಡೆಯುವಾಗ ಹೈಡ್ರಾಲಿಕ್ಸ್ ಹೇಳಿದರೆ ಯಾರಿಗೆ ಸಮಾಧಾನ? ಲೆಕ್ಕ ನೋಡಿದರೆ ಸಂಸ್ಥೆಯದು ಸರಿ ಅಂತ ನನಗೆ ಅನ್ನಿಸುತ್ತೆ. ಸೆತ್ ಹತ್ತಿರ ರಸ್ತೆ ಸರಿಸಿದ್ದೂ ಇದೇ ಲೆಕ್ಕದಲ್ಲಿ. ಆದರೆ ಹೊರಗಿನಿಂದ ಬಂದು ಸೈಕಲ್ ಹೊಡೆದು ಹೋಗುವವನಿಗೆ ಹಾಗೆ ಹೇಳೋದು ಸುಲಭ, ಅದೂ ನಿಜ. ಒಳಗೆ ಬಂದ ಕಡಲು ಹಕ್ಕಿಗಳ ಲೆಕ್ಕವನ್ನೂ ಬದಲಿಸಿದೆ, ಫ್ಲೆಮಿಂಗೋಗಳು ಇತ್ತೀಚೆಗೆ ಎಗ್-ಮೋರ್ತ್ ಆಗರದ ಕಡೆ ಗೂಡು ಸರಿಸಿವೆ.

ಹೊರಡುವವರಿಗೆ ಎರಡು ಮಾತು. ಏಪ್ರಿಲ್ ಕೊನೆಯಿಂದ ಜೂನ್ ಮಧ್ಯದವರೆಗೆ, ಇಲ್ಲ ಸೆಪ್ಟೆಂಬರ್. ಸೊಳ್ಳೆಗೆ ಮುಲಾಮು ಬೇಕೇ ಬೇಕು. ಪಂಕ್ಚರ್‌ಗೆ ಇಲ್ಲಿಯ ಖಳನಾಯಕ ನಮಗೆ ಹಳೇ ಪರಿಚಯ: ನೆಗ್ಗಿಲು ಮುಳ್ಳು. ಬಳ್ಳಾರಿ ಕಡೆ ಬರಿಗಾಲಲ್ಲಿ ಓಡಾಡಿದವರಿಗೆ ಗೊತ್ತು. ಅದೇ ಗಿಡ ಮೆಡಿಟರೇನಿಯನ್ ತೀರದ ಒಣ ಮರಳಲ್ಲೂ ಬೆಳೆಯುತ್ತೆ. ಟ್ಯೂಬ್‌ಲೆಸ್ ಟೈರಿಗೆ ಅಂಟು ದ್ರವ ಹಾಕಿಸಿ, ಚುಚ್ಚಿದ ಮುಳ್ಳನ್ನ ತಕ್ಷಣ ಕೀಳಬೇಡಿ, ಮೊದಲು ಗಾಳಿ ಎಷ್ಟಿದೆ ನೋಡಿ. ಗಾಳಿಯ ದಿಕ್ಕು ಮುಖ್ಯ. ಬೆಜಿಯೆ ಕಡೆ ವಾಯವ್ಯದಿಂದ ತ್ರಾಮೊಂತಾನ್ ಬೀಸುತ್ತೆ, ಟುಲೂಸ್‌ನಿಂದ ಸಮುದ್ರಕ್ಕೆ ಹೋಗುವವರಿಗೆ ಅದು ಬೆನ್ನ ಹಿಂದೆ. ಕಾಮಾರ್ಗ್‌ನಲ್ಲಿ ಉತ್ತರದಿಂದ ಮಿಸ್ತ್ರಾಲ್. ಅದು ಎದ್ದ ದಿನ ಒಡ್ಡಿನ ಮೇಲೆ ಹೋಗಬೇಡಿ, ಊರಲ್ಲೇ ಕೂತು ಕಾಫಿ ಕುಡೀರಿ. ವಾಪಸ್ ಬರೋಕೆ ಪ್ರಾದೇಶಿಕ ರೈಲುಗಳಲ್ಲಿ ಸೈಕಲ್ ಹಾಕಬಹುದು, ಜಾಗ ಇದ್ದರೆ. ಸಂಜೆ ರೈಲಿಗಿಂತ ಬೆಳಗಿನದ್ದು ವಾಸಿ.